ಬಲಕ್ಕೆ ತಿರುಗಿದರೆ ಕಟಕಟ

ಶಾಲೆಯ ಗೇಟಿನ ಒಳಗೆ ಸ್ಟೀರಿಂಗನ್ನು ಕೊನೆಯವರೆಗೆ ಬಲಕ್ಕೆ ತಿರುಗಿಸಿದಾಗಲೆಲ್ಲ ಮುಂದಿನ ಚಕ್ರದ ಕಡೆಯಿಂದ ಸದ್ದು ಬರುತ್ತಿತ್ತು. ಕಟ, ಕಟ, ಕಟ. ನೆಟ್ಟಗೆ ಹೋದರೆ ಇಲ್ಲ. ಎರಡು ವಾರ ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ ಒಂಬತ್ತನೇ ತರಗತಿಯ ಹುಡುಗನೊಬ್ಬ, "ಟೀಚರ್, ನಿಮ್ಮ ಕಾರು ಅಡಕೆ ಕತ್ತರಿಸುತ್ತಿದೆ" ಎಂದಾಗ ಹುಡುಗರ ಮುಂದೆ ಮಾನ ಹೋಯಿತು.

ನಾನು ಬಳ್ಳಾರಿಯಿಂದ ಸಂಡೂರಿನ ಕಡೆಯ ಒಂದು ಹಳ್ಳಿಗೆ ದಿನವೂ ಹೋಗಿಬರುವ ಗಣಿತದ ಟೀಚರ್. ಕುಡಿತಿನಿ ದಾಟಿ, ತೋರಣಗಲ್ಲು ದಾಟಿ, ಅದಿರಿನ ಟಿಪ್ಪರ್‌ಗಳ ಹಿಂದೆ ಉಸಿರು ಬಿಗಿಹಿಡಿದು ಹೋಗುವ ದಾರಿ. ಬಿಳಿ ಕಾರು ಕೊಂಡಿದ್ದೇನೆ, ಕೆಂಪು ಕಾರಿನಲ್ಲಿ ಓಡಾಡುತ್ತೇನೆ.

ಶನಿವಾರ ಮಧ್ಯಾಹ್ನ ಕೌಲ್ ಬಜಾರಿನ ಚಾಚಾ ಅವರ ಗ್ಯಾರೇಜಿಗೆ ಹೋದೆ. ಅದಕ್ಕೆ ಎರಡು ತಿಂಗಳ ಹಿಂದಷ್ಟೇ ದೊಡ್ಡದೊಂದು ಸರ್ವಿಸ್ ಸೆಂಟರಿನಿಂದ ಕಾಗದದ ತುಂಬ ಸರಿ ಗುರುತು ಹಾಕಿಸಿಕೊಂಡು ಬಂದಿದ್ದೆ. ಚಾಚಾ ಕಾಗದ ನೋಡಲಿಲ್ಲ. ಖಾಲಿ ಮೈದಾನದಲ್ಲಿ ಕಾರನ್ನು ನಿಧಾನವಾಗಿ ಬಲಕ್ಕೆ ಒಂದು ಸುತ್ತು, ಎಡಕ್ಕೆ ಒಂದು ಸುತ್ತು ಹೊಡೆಸಿ, ಇಳಿದು ಬಂದು, "ಎಡಗಡೆಯದು" ಎಂದರು. ಬಲಕ್ಕೆ ತಿರುಗಿದಾಗ ಅಲ್ಲವೇ ಸದ್ದು ಎಂದೆ. ಬಲಕ್ಕೆ ತಿರುಗಿದಾಗ ಕಾರಿನ ಭಾರ ಎಡಕ್ಕೆ ಒರಗುತ್ತದೆ, ಹಾಗಾಗಿ ಹೆಚ್ಚಾಗಿ ಎದುರು ಕಡೆಯ ಕೀಲೇ ಕೂಗುತ್ತದೆ ಎಂದು ಹೇಳಿ ಎಡಚಕ್ರದ ಹಿಂದೆ ಬೆರಳು ತೂರಿಸಿದರು. ರಿಮ್ಮಿನ ಒಳಮೈ ಸುತ್ತಲೂ ಗ್ರೀಸ್ ಸಿಡಿದಿತ್ತು. ಅದರ ಮೇಲೆ ಕೆಂಪು ಧೂಳು ಕೂತು ಹೆಪ್ಪುಗಟ್ಟಿತ್ತು.

ನನ್ನ ತಾತನ ಬಂಡಿಯಲ್ಲಿ ಅಚ್ಚು ತಿರುಗುತ್ತಿರಲಿಲ್ಲ. ಎತ್ತು ಎಳೆಯುತ್ತಿತ್ತು, ಅಚ್ಚಿನ ಮೇಲೆ ಚಕ್ರ ಉರುಳುತ್ತಿತ್ತು, ಆಗಾಗ ಕೀಲೆಣ್ಣೆ ಹಾಕಿದರೆ ಸಾಕಿತ್ತು. ಕಾರಿನಲ್ಲಿ ಚಕ್ರವೇ ಎತ್ತು, ಅದನ್ನು ತಿರುಗಿಸಬೇಕಾದ್ದು ಅಚ್ಚು. ಮುಂದಿನ ಚಕ್ರದಿಂದ ಎಳೆಯುವ ಕಾರಿನಲ್ಲಿ ಗೇರ್‌ಬಾಕ್ಸಿನಿಂದ ಎಡಕ್ಕೊಂದು, ಬಲಕ್ಕೊಂದು ಉಕ್ಕಿನ ದಂಡ ಹೊರಡುತ್ತದೆ. ಗ್ಯಾರೇಜುಗಳಲ್ಲಿ ಅದನ್ನು ಆಕ್ಸಲ್ ಎಂದೇ ಕರೆಯುತ್ತಾರೆ. ಆ ಬಡಪಾಯಿ ದಂಡಕ್ಕೆ ಮೂರು ಕೆಲಸ: ಎಂಜಿನ್ನಿನ ಬಲವನ್ನು ಚಕ್ರಕ್ಕೆ ಮುಟ್ಟಿಸಬೇಕು, ಗುಂಡಿಗೆ ಇಳಿದಾಗ ಚಕ್ರದ ಜೊತೆ ಮೇಲೆ ಕೆಳಗೆ ಆಡಬೇಕು, ಸ್ಟೀರಿಂಗ್ ತಿರುಗಿಸಿದಾಗ ಚಕ್ರ ಓರೆಯಾದರೂ ತಿರುಗುವುದನ್ನು ನಿಲ್ಲಿಸಬಾರದು. ಅದಕ್ಕೇ ಪ್ರತಿ ದಂಡಕ್ಕೂ ಎರಡು ಕೀಲು, ಒಂದು ಗೇರ್‌ಬಾಕ್ಸಿನ ಹತ್ತಿರ, ಇನ್ನೊಂದು ಚಕ್ರದ ಹತ್ತಿರ.

"ಲಾರಿಯಲ್ಲಿ ಇರುವ ಕ್ರಾಸ್ ಸಾಲದೇ?" ಎಂದು ಕೇಳಿದೆ. ಲಾರಿಯ ಕೆಳಗೆ ಉದ್ದಕ್ಕೆ ತಿರುಗುವ ಪ್ರೊಪೆಲ್ಲರ್ ಶಾಫ್ಟ್‌ನ ತುದಿಗಳಲ್ಲಿ ಕೂಡಿಸುವ ಚಿಹ್ನೆಯಂತಹ ಒಂದು ತುಂಡು ಇರುತ್ತದೆಯಲ್ಲ, ಅದು. ಚಾಚಾ ನಕ್ಕು, "ಅಂಬಾಸಡರ್‌ಗೆ ಸಾಕಿತ್ತು. ಅದರಲ್ಲಿ ಹಿಂದಿನ ಚಕ್ರ ಎಳೆಯುತ್ತಿತ್ತು, ಹಿಂದಿನ ಚಕ್ರ ಎಡಕ್ಕೆ ಬಲಕ್ಕೆ ತಿರುಗುವುದಿಲ್ಲವಲ್ಲ ಟೀಚರ್" ಎಂದರು. ಸಾಲದು ಎಂಬುದು ಅವರ ಕೈಗೆ ಗೊತ್ತು. ಏಕೆ ಎಂಬುದನ್ನು ನಾನು ಆ ರಾತ್ರಿ ಕಾಗದದ ಮೇಲೆ ಮಾಡಿ ನೋಡಿದೆ.

ಕ್ರಾಸ್ ಕೀಲು ಓರೆಯಾದಾಗ ಒಳಬರುವ ದಂಡ ಒಂದೇ ವೇಗದಲ್ಲಿ ತಿರುಗಿದರೂ ಹೊರಹೋಗುವ ದಂಡ ಹಾಗೆ ತಿರುಗುವುದಿಲ್ಲ. ಒಂದು ಸುತ್ತಿನಲ್ಲಿ ಎರಡು ಬಾರಿ ಮುಂದೋಡುತ್ತದೆ, ಎರಡು ಬಾರಿ ಹಿಂದುಳಿಯುತ್ತದೆ. ಎಷ್ಟು ಎಂಬುದಕ್ಕೆ ಆ ಓರೆಯ ಕೋನದ ಕೊಸೈನ್ ಸಾಕು. ಕನಿಷ್ಠ ವೇಗ ಕೊಸೈನ್‌ನಷ್ಟು ಪಟ್ಟು, ಗರಿಷ್ಠ ವೇಗ ಒಂದನ್ನು ಅದರಿಂದ ಭಾಗಿಸಿದಷ್ಟು. 10 ಡಿಗ್ರಿಗೆ ವ್ಯತ್ಯಾಸ ಶೇಕಡಾ ಒಂದೂವರೆ, ಯಾರ ಗಮನಕ್ಕೂ ಬಾರದು. 30 ಡಿಗ್ರಿಗೆ 0.866ರಿಂದ 1.155. ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ನನ್ನ ಕಾರಿನ ಚಕ್ರ ಸೆಕೆಂಡಿಗೆ ಮೂರು ಸುತ್ತಿಗಿಂತ ಸ್ವಲ್ಪ ಹೆಚ್ಚು ತಿರುಗುತ್ತದೆ, ಅಂದರೆ ಆ ತಿರುವಿನಲ್ಲಿ ಸೆಕೆಂಡಿಗೆ ಆರು ಸಲ ಜಗ್ಗಿ ಬಿಡುವ ಸ್ಟೀರಿಂಗ್. ಲಾರಿಯವರು ಈ ಕಾಟಕ್ಕೆ ಎರಡು ಕ್ರಾಸ್ ಹಾಕಿ, ಒಂದರ ತಪ್ಪನ್ನು ಇನ್ನೊಂದು ಹೊಡೆದುಹಾಕುವಂತೆ ಕೂರಿಸುತ್ತಾರೆ. ಬಿಚ್ಚುವಾಗ ಚಾಚಾ ಶಾಫ್ಟ್‌ನ ಎರಡೂ ತುಂಡುಗಳ ಮೇಲೆ ಸೀಮೆಸುಣ್ಣದ ಗೆರೆ ಎಳೆಯುವುದು ಅದಕ್ಕೇ. ಒಂದು ಹಲ್ಲು ತಪ್ಪಿ ಕೂರಿಸಿದರೂ ಗಾಡಿ ನಡುಗುತ್ತದೆ.

ಸೋಮವಾರ ಅರ್ಧ ದಿನ ರಜೆ ಹಾಕಿ, ಬಿಚ್ಚುವುದನ್ನು ನೋಡಲೆಂದೇ ಹೋದೆ. ಚಕ್ರದ ನಡುಭಾಗದ, ಅಂದರೆ ಹಬ್ಬಿನ, ನಟ್ಟನ್ನು ಕಾರು ನೆಲದ ಮೇಲಿರುವಾಗಲೇ ಸಡಿಲಿಸಬೇಕು, ಇಲ್ಲವಾದರೆ ಚಕ್ರವೂ ಜೊತೆಗೆ ಸುತ್ತುತ್ತದೆ. ಪಾನಾದ ತುದಿಗೆ ಉದ್ದನೆಯ ಪೈಪ್ ಸಿಕ್ಕಿಸಿ ಚಾಚಾ ಅವರ ಹುಡುಗ ಅದರ ಮೇಲೆ ನಿಂತೇಬಿಟ್ಟ. ದಂಡವನ್ನು ಗೇರ್‌ಬಾಕ್ಸಿನಿಂದ ಎಳೆದಾಗ ಎಣ್ಣೆ ಸುರಿಯಿತು, ಅಡಿಗೆ ಹಳೆಯ ಬಾಂಡಲಿ ಇಟ್ಟಿದ್ದರು.

ಚಕ್ರದ ಕಡೆಯ ಕೀಲನ್ನು ಡೀಸೆಲಿನಲ್ಲಿ ತೊಳೆದು ಪತ್ರಿಕೆಯ ಹಾಳೆಯ ಮೇಲಿಟ್ಟರು. ಹೊರಗೆ ಲೋಟದಂತಹ ಉಕ್ಕಿನ ಬಟ್ಟಲು, ಒಳಗೆ ಗುಂಡನೆಯ ಉಕ್ಕಿನ ಗಡ್ಡೆ, ಎರಡರ ಮೈಮೇಲೂ ಆರಾರು ತೋಡುಗಳು. ಎದುರುಬದುರಿನ ತೋಡುಗಳ ನಡುವೆ ಗೋಲಿಯಂತಹ ಆರು ಉಕ್ಕಿನ ಗುಂಡುಗಳು. ಅವು ಚದುರದಂತೆ ಹಿಡಿಯಲು ಆರು ಕಿಟಕಿಗಳ ಒಂದು ಬಳೆ, ಅದಕ್ಕೆ ಕೇಜ್ ಎನ್ನುತ್ತಾರೆ. ಚಾಚಾ ಒಳಗಡ್ಡೆಯನ್ನು ಪಕ್ಕಕ್ಕೆ ಬಾಗಿಸಿದಂತೆ ಒಂದು ಗುಂಡು ಮೇಲೆದ್ದಿತು, ಅವರು ಅದನ್ನು ಬೆರಳಿನಿಂದ ಚಿಮ್ಮಿಸಿ ಹೊರತೆಗೆದರು. ನಾನು ಕೀಲನ್ನು ಕೈಗೆ ತೆಗೆದುಕೊಂಡು ಬಾಗಿಸುತ್ತಾ, ಉಳಿದ ಐದನ್ನು ನೋಡುತ್ತಾ ಕೂತೆ. ದಂಡವನ್ನು ಎಷ್ಟು ಬಾಗಿಸಿದರೂ ಗುಂಡುಗಳು ಅದರ ಅರ್ಧದಷ್ಟು ಮಾತ್ರ ಬಾಗುತ್ತಿದ್ದವು. ತೋಡುಗಳನ್ನು ಹಾಗೆ ಕೊರೆದಿರುತ್ತಾರೆ, ಗುಂಡುಗಳು ಯಾವಾಗಲೂ ಎರಡು ದಂಡಗಳ ನಡುವಿನ ಕೋನವನ್ನು ಸರಿಯಾಗಿ ಅರ್ಧಿಸುವ ಸಮತಲದಲ್ಲೇ ಇರಬೇಕು.

ಇಲ್ಲಿ ನನ್ನೊಳಗಿನ ಟೀಚರ್ ಎದ್ದು ನಿಂತಳು. ಆ ಸಮತಲದಲ್ಲಿ ಒಂದು ಕನ್ನಡಿ ಇದೆ ಎಂದುಕೊಳ್ಳಿ. ಒಳಬರುವ ದಂಡ ಹೊರಹೋಗುವ ದಂಡದ ಬಿಂಬ. ಗುಂಡಿಗೆ ಎರಡೂ ದಂಡಗಳಿಂದ ದೂರ ಒಂದೇ. ಹಾಗಿದ್ದಮೇಲೆ ಒಂದು ಮುಂದೋಡಲು, ಇನ್ನೊಂದು ಹಿಂದುಳಿಯಲು ಕಾರಣವೇ ಇಲ್ಲ. ಕೊಸೈನ್ ಕಾಟ ಅಲ್ಲಿಗೆ ಮುಗಿಯಿತು. ಈ ಕೀಲನ್ನು 1920ರ ದಶಕದಲ್ಲಿ ರೂಪಿಸಿದವನು ಫೋರ್ಡ್ ಕಂಪನಿಯ ಎಂಜಿನಿಯರ್ ಆಲ್‌ಫ್ರೆಡ್ ಝೆಪ್ಪಾ. ಹೆಸರು ಹೇಳಿದಾಗ ಚಾಚಾ, "ಮಲ್ಲಪ್ಪ, ಬಸಪ್ಪ, ಝೆಪ್ಪಪ್ಪ. ನಮ್ಮ ಕಡೆಯವನೇ ಇರಬೇಕು" ಎಂದರು. ಆ ಕೀಲು ಮನೆಮನೆಯ ಕಾರಿಗೆ ಇಳಿದದ್ದು 1959ರಲ್ಲಿ ಇಂಗ್ಲೆಂಡಿನ ಮಿನಿ ಬಂದಮೇಲೆ. ನಮ್ಮಲ್ಲಿ 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಮೇಲೆ ಅಂಬಾಸಡರ್‌ನಲ್ಲಿ ಕೈ ಪಳಗಿಸಿಕೊಂಡಿದ್ದವರೆಲ್ಲ ಈ ಗುಂಡುಗಳ ಲೆಕ್ಕ ಹೊಸದಾಗಿ ಕಲಿಯಬೇಕಾಯಿತು. ಚಾಚಾ ಅವರ ತಂದೆ ಅವರಲ್ಲಿ ಒಬ್ಬರು.

ಗೇರ್‌ಬಾಕ್ಸ್ ಕಡೆಯ ಕೀಲು ಬೇರೆ ಜಾತಿ. ಮೂರು ಕಾಲಿನ ತುಂಡು, ಕಾಲಿಗೊಂದು ಉರುಳೆ, ಮೂರು ಉದ್ದ ತೋಡುಗಳ ಬಟ್ಟಲಿನೊಳಗೆ ಜಾರುತ್ತದೆ. ಚಕ್ರ ಮೇಲೆ ಕೆಳಗೆ ಆಡುವಾಗ ದಂಡಕ್ಕೆ ಬೇಕಾದ ಉದ್ದ ಬದಲಾಗುತ್ತದೆ, ಆ ಹೆಚ್ಚು ಕಡಿಮೆಯನ್ನು ನುಂಗುವುದು ಈ ಜಾರುವಿಕೆ. ಇದು ಸವೆದರೆ ಕಟಕಟ ಇಲ್ಲ, ಆಕ್ಸಿಲರೇಟರ್ ಒತ್ತಿದಾಗ ಕಾರು ನಡುಗುತ್ತದೆ. ನನ್ನದು ಚೆನ್ನಾಗಿಯೇ ಇತ್ತು.

ಹಾಳಾದದ್ದು ಹೇಗೆ? ಒಳಗಡ್ಡೆಯ ಒಂದು ತೋಡಿನ ಮೇಲೆ ಚಾಚಾ ನನ್ನ ಉಗುರು ಆಡಿಸಿದರು. ನುಣುಪಾದ ಉಕ್ಕಿನಲ್ಲಿ ಒಂದು ಕಡೆ ಉಗುರು ತಡೆಯಿತು, ಗುಂಡು ಕೊರೆದುಕೊಂಡ ತಗ್ಗು. ಸ್ಟೀರಿಂಗ್ ಪೂರ್ತಿ ತಿರುಗಿದಾಗ ಗುಂಡು ಅದರೊಳಗೆ ಬಿದ್ದು ಎದ್ದು ಮಾಡುತ್ತಿದ್ದುದೇ ಆ ಅಡಕೆಯ ಸದ್ದು. ಅದಕ್ಕೂ ಮೂಲ ಬೂಟ್. ಕೀಲಿಗೆ ತೊಡಿಸಿದ, ಮಡಿಕೆ ಮಡಿಕೆಯ ರಬ್ಬರ್ ಚೀಲ. ಅದರ ಒಂದು ಮಡಿಕೆ ಸೀಳಿತ್ತು. ಗಂಟೆಗೆ 60ರಲ್ಲಿ ಸೆಕೆಂಡಿಗೆ ಒಂಬತ್ತು ಸುತ್ತು ಮೀರಿ ತಿರುಗುವ ಚೀಲ ಸೀಳಿದರೆ ಗ್ರೀಸ್ ಒಳಗೆ ಉಳಿಯುವುದುಂಟೇ? ಗ್ರೀಸ್ ಹೊರಗೆ ಹೋಯಿತು, ಸಂಡೂರಿನ ಧೂಳು ಒಳಗೆ ಬಂತು. ಕಪ್ಪಗಿರಬೇಕಾದ ಗ್ರೀಸ್ ಕೆಂಪು ಮಸಾಲೆಯಂತಾಗಿತ್ತು. ಕಬ್ಬಿಣದ ಆಕ್ಸೈಡಿನ ಕೆಂಪು ಪುಡಿಯಿಂದಲೇ ಗಾಜು, ಒಡವೆ ಉಜ್ಜಿ ಹೊಳಪು ಕೊಡುತ್ತಾರೆ, ಇಲ್ಲಿ ಅದಕ್ಕೆ ರಸ್ತೆಯ ಮರಳೂ ಸೇರಿತ್ತು. ಸರ್ವಿಸ್ ಸೆಂಟರಿನ ಕಾಗದವನ್ನು ಮನೆಗೆ ಬಂದು ಹುಡುಕಿದೆ. "ಆಕ್ಸಲ್ ಬೂಟ್" ಎಂಬ ಸಾಲಿನ ಮುಂದೆ ಸರಿ ಗುರುತು. ನನ್ನ ಹುಡುಗರಾದರೂ ನಕಲು ಹೊಡೆಯುವಾಗ ಇಷ್ಟು ಧೈರ್ಯ ತೋರಿಸುವುದಿಲ್ಲ.

ಬೂಟ್ ಕೆಲವು ನೂರು ರೂಪಾಯಿಯ ಮಾತು, ಹೊಸ ಕೀಲು ಕೆಲವು ಸಾವಿರದ್ದು. ಕೀಲು ಹಾಕಿಸಿದೆ. ಬಲಗಡೆಯದನ್ನೂ ನೋಡಿ ಎಂದೆ. ಚಾಚಾ ಸ್ಟೀರಿಂಗನ್ನು ಕೊನೆಯವರೆಗೆ ತಿರುಗಿಸಿ, ಮಡಿಕೆಗಳು ಬಿಚ್ಚಿಕೊಂಡಾಗ ಟಾರ್ಚ್ ಬಿಟ್ಟರು. ಮೂರನೇ ಮಡಿಕೆಯ ತಳದಲ್ಲಿ ಕೂದಲಿನಷ್ಟು ಸಣ್ಣ ಬಿರುಕುಗಳು, ಇನ್ನೂ ಸೀಳಿರಲಿಲ್ಲ. ಕತ್ತರಿಸಿ ತೆಗೆದಾಗ ಒಳಗಿನ ಗ್ರೀಸ್ ಕಪ್ಪಗೇ ಇತ್ತು. ಅದನ್ನು ಬೆರಳುಗಳ ನಡುವೆ ಉಜ್ಜಿ ನೋಡಿ, ನನ್ನ ಬೆರಳಿಗೂ ಸ್ವಲ್ಪ ಹಚ್ಚಿದರು. ಎಲ್ಲೂ ಮರಳಿನ ಕಣ ಸಿಗಲಿಲ್ಲ. ಹೊಸ ಬೂಟ್, ಹೊಸ ಕ್ಲಾಂಪ್, ಹೊಸ ಗ್ರೀಸ್, ಕೀಲು ಹಳೆಯದೇ.