ತೆರೆದ ಬಾಗಿಲುಗಳ ಲೆಕ್ಕ

ನಮ್ಮದು ಒಂದು ರೂಮು, ಒಂದು ಹಾಲ್, ಒಂದು ಅಡುಗೆಮನೆ ಇರುವ ಬಾಡಿಗೆ ಫ್ಲಾಟ್. ಕಾಗದದ ಮೇಲೆ 400 ಚದರಡಿ ಚಿಲ್ಲರೆ. ಗೋಡೆ ಕಳೆದು, ಮಂಚ ಬೀರು ಕಳೆದು, ಕಾಲಿಡೋಕೆ ಉಳಿಯುವ ಜಾಗ ಎಷ್ಟು ಅಂತ ನೋಡಿದರೆ ಆ ಲೆಕ್ಕ ಬೇರೆಯೇ. ನಾವಿಬ್ಬರು ಮತ್ತು ಸ್ಕೂಲಿಗೆ ಹೋಗುವ ಮಗಳು, ಮೂವರಿಗೆ ಹೇಗೋ ನಡೆಯುತ್ತಿತ್ತು. ಅತ್ತೆ ಇನ್ನು ಮೇಲೆ ನಮ್ಮ ಜೊತೆಗೇ ಇರುತ್ತಾರೆ ಅಂತ ತೀರ್ಮಾನವಾದಾಗ ಮೊದಲು ಬಂದ ಮಾತು ದೊಡ್ಡ ಮನೆ ನೋಡೋಣ ಅಂತ. ನೋಡಿದೆವು, ಬಾಡಿಗೆ ಕೇಳಿದೆವು, ವಾಪಸ್ ಬಂದೆವು. ಅಲ್ಲಿಗೆ ಆ ಮಾತು ಮುಗಿಯಿತು. ಅತ್ತೆ ಬರೋಕೆ ಮುಂಚಿನ ಒಂದು ಭಾನುವಾರವನ್ನು ಪೂರ್ತಿ ಇದೇ ಮನೆಗೆ ಕೊಟ್ಟೆವು.

ನಮ್ಮ ಮನೆಯವರ ಸ್ವಭಾವ ಹೇಗೆ ಅಂದರೆ, ಮೊದಲು ಬೀರು ಎಳೆಯೋದು, ಆಮೇಲೆ ಯೋಚನೆ ಮಾಡೋದು. "ರೀ, ಒಂದು ನಿಮಿಷ ಕೈ ಹಚ್ಚಬೇಡಿ" ಅಂತ ತಡೆದು, ಮೂಲೆಯಲ್ಲಿ ಪೇರಿಸಿದ್ದ ಹಳೇ ಪೇಪರ್ ತಂದು ಹರಡಿದೆ. ಮನೆಯಲ್ಲಿರುವ ಪ್ರತಿ ದೊಡ್ಡ ಸಾಮಾನು ನೆಲದ ಮೇಲೆ ಎಷ್ಟು ಜಾಗ ಹಿಡಿಯುತ್ತದೋ ಅಷ್ಟೇ ಅಳತೆಗೆ ಪೇಪರ್ ಕತ್ತರಿಸೋದು, ಸಣ್ಣದಾದರೆ ಅಂಟಿಸಿಕೊಳ್ಳೋದು, ಮೇಲೆ ಹೆಸರು ಬರೆಯೋದು. ಆಮೇಲೆ ಹಾಲ್‌ನಲ್ಲಿ ಸಿಕ್ಕಷ್ಟು ಖಾಲಿ ನೆಲದಲ್ಲಿ ಸುಣ್ಣದ ಕಡ್ಡಿಯಿಂದ ರೂಮಿನ ಅಳತೆ ಗೀಚಿಕೊಂಡು ಅದರೊಳಗೆ ಜೋಡಿಸಿ ನೋಡೋದು. ಮಗಳಿಗೆ ಇದು ಹಬ್ಬ. ಬೀರು, ಮಂಚ, ಟೇಬಲ್ಲು, ಪುಸ್ತಕದ ಶೆಲ್ಫು, ಅತ್ತೆಯ ಹೊಲಿಗೆ ಮಷಿನ್ನು, ಎಲ್ಲಾ ಹಿಡಿಸಿತು. ಹಿಡಿಸಿ ಇನ್ನೂ ಸ್ವಲ್ಪ ಜಾಗ ಮಿಕ್ಕಿತು ಕೂಡ. "ನೋಡು, ಸುಮ್ನೆ ಟೆನ್ಷನ್ ಮಾಡ್ಕೊಂಡೆ" ಅಂದರು ಇವರು.

ಸರಿ, ಈಗ ಬೀರು ತೆಗೀರಿ ಅಂದೆ.

ಪೇಪರ್ ಬೀರು ತೆಗೆಯೋಕೆ ಇನ್ನೆರಡು ಪೇಪರ್ ಬೇಕಾಯಿತು. ಒಂದೂವರೆ ಅಡಿ ಅಗಲದ ಎರಡು ಬಾಗಿಲು ಮುಂದಕ್ಕೆ ಬರುತ್ತವೆ, ಅವುಗಳ ಮಧ್ಯೆ ಬಟ್ಟೆ ತೆಗೆಯೋ ಮನುಷ್ಯ ನಿಲ್ಲಬೇಕು. ಟೇಬಲ್ ಅಗಲ ಎರಡೇ ಅಡಿ, ಸರಿ, ಆದರೆ ಕುರ್ಚಿ ಎಳೆದು ಕೂತು ಏಳೋಕೆ ಹಿಂದೆ ಇನ್ನೂ ಎರಡೂವರೆ ಅಡಿ ಬೇಕು. ಮಂಚದ ಕೆಳಗಿನ ಡ್ರಾಯರ್ ಪೂರ್ತಿ ಎಳೆದರೆ ಅದರಷ್ಟೇ ಉದ್ದ ನೆಲ ಹೋಯಿತು. ಇನ್ನು ರೂಮಿನ ಬಾಗಿಲು. 30 ಇಂಚಿನ ಒಂದು ಬಾಗಿಲು ಪೂರ್ತಿ ತೆರೆದು ಮುಚ್ಚುವಾಗ ಕಾಲು ಚಕ್ರದಷ್ಟು ನೆಲ ಗುಡಿಸಿಕೊಂಡು ಹೋಗುತ್ತದೆ, ಲೆಕ್ಕ ಹಾಕಿದರೆ ಹತ್ತಿರ ಹತ್ತಿರ 5 ಚದರಡಿ. ನಮ್ಮ ಮನೆಯಲ್ಲಿ ಒಳಗಿನ ಬಾಗಿಲುಗಳೇ ಮೂರು. ಅಲ್ಲಿಗೆ 15 ಚದರಡಿಯಲ್ಲಿ ಏನೂ ಇಡೋ ಹಾಗಿಲ್ಲ, ಗಾಳಿಗೆ ಬಾಡಿಗೆ ಕಟ್ಟಿದ ಹಾಗೆ. ತೆರೆದ ಬಾಗಿಲುಗಳ ಪೇಪರ್ ಹಾಕಿದ ಮೇಲೆ ನೆಲವೇ ಕಾಣಲಿಲ್ಲ, ಒಂದರ ಮೇಲೆ ಒಂದು ಬಿದ್ದಿದ್ದವು.

ಸಣ್ಣ ಮನೆ ಬಗ್ಗೆ ಬರೋ ಸಲಹೆಗಳೆಲ್ಲ ಸಾಮಾನು ಎಲ್ಲಿಡಬೇಕು ಅಂತ ಹೇಳುತ್ತವೆ. ಇಡೋಕೆ ಜಾಗ ಹೇಗೋ ಸಿಗುತ್ತದೆ. ಇಟ್ಟಿದ್ದನ್ನು ತೆಗೆಯೋಕೆ ಜಾಗ ಇರಲ್ಲ, ನಿಜವಾದ ಇಕ್ಕಟ್ಟು ಅದೇ. ಅಟ್ಟದ ಮೇಲೆ, ಮಂಚದ ಕೆಳಗೆ, ಬಾಗಿಲ ಮೇಲಿನ ಶೆಲ್ಫಿನಲ್ಲಿ ಎಷ್ಟು ಬೇಕಾದರೂ ತುಂಬಬಹುದು. ಆದರೆ ಒಂದು ದುಪ್ಪಟಿ ತೆಗೆಯೋಕೆ ಎರಡು ಕುರ್ಚಿ ಒಂದು ಬಕೆಟ್ ಸರಿಸಬೇಕಾದರೆ ಆ ದುಪ್ಪಟಿ ಇದ್ದೂ ಇಲ್ಲದ ಹಾಗೆ ಅಲ್ವಾ.

ಆಮೇಲೆ ಶುರುವಾಯಿತು ಯಾವ ಪೇಪರ್ ಯಾವುದರ ಮೇಲೆ ಬೀಳಬಹುದು ಅನ್ನೋ ಚರ್ಚೆ. ಇದೇ ಆ ದಿನದ ಮುಖ್ಯ ಕೆಲಸ, ಮಧ್ಯಾಹ್ನವೆಲ್ಲ ಇದಕ್ಕೇ ಹೋಯಿತು. ಬೀರು ಬಾಗಿಲು ಮತ್ತು ಮಗಳ ಕುರ್ಚಿ ಒಂದೇ ಜಾಗ ಹಿಡಿದರೂ ಪರವಾಗಿಲ್ಲ, ಬೆಳಿಗ್ಗೆ ಬಟ್ಟೆ ತೆಗೆಯುವಾಗ ಅವಳು ಓದೋಕೆ ಕೂತಿರಲ್ಲ. ಹೊಲಿಗೆ ಮಷಿನ್ನಿನ ಮುಂದಿನ ಜಾಗವೂ ಮಂಚದ ಡ್ರಾಯರ್ ಬರೋ ಜಾಗವೂ ಒಂದೇ ಆದರೆ ನಡೆಯುತ್ತದೆ, ಡ್ರಾಯರ್‌ನಲ್ಲಿ ಅಪರೂಪಕ್ಕೆ ಬೇಕಾಗೋದನ್ನು ಮಾತ್ರ ಇಟ್ಟರೆ. ಆದರೆ ಅತ್ತೆ ರಾತ್ರಿ ಎದ್ದು ಬಚ್ಚಲಿಗೆ ಹೋಗುವ ದಾರಿಯ ಮೇಲೆ ಯಾವ ಪೇಪರ್ರೂ ಬೀಳೋ ಹಾಗಿಲ್ಲ, ಯಾವ ಹೊತ್ತಿನಲ್ಲೂ. ಅದಕ್ಕೆ ಎರಡೂವರೆ ಅಡಿ ಅಗಲದ ಪಟ್ಟಿ ಕತ್ತರಿಸಿ ನೆಲಕ್ಕೆ ಟೇಪ್ ಹಾಕಿ ಅಂಟಿಸಿಯೇಬಿಟ್ಟೆ, ಯಾರೂ ಸರಿಸಬಾರದು ಅಂತ. ಆ ಪಟ್ಟಿಗೆ ಅಡ್ಡ ಬಂದ ಪುಸ್ತಕದ ಶೆಲ್ಫು ಹಾಲ್ ಸೇರಿತು. ಇವರಿಗೆ ಬೇಜಾರಾಯಿತು, ಆಗಲಿ.

ಅಡುಗೆಮನೆ ಬಾಗಿಲನ್ನು ಅವತ್ತೇ ಕಿತ್ತೆವು. ಕೀಲಿನ ಸ್ಕ್ರೂ ಬಿಚ್ಚಿ, ಅವನ್ನೆಲ್ಲ ಒಂದು ಕವರಿಗೆ ಹಾಕಿ ಬಾಗಿಲಿಗೇ ಅಂಟಿಸಿ, ಬಾಗಿಲನ್ನು ಮಂಚದ ಹಿಂದೆ ಗೋಡೆಗೆ ಒರಗಿಸಿಟ್ಟೆವು, ಮನೆ ಬಿಡುವಾಗ ಮತ್ತೆ ಹಾಕಿಕೊಡಬೇಕಲ್ಲ. ಮಾಲೀಕರನ್ನು ಮೊದಲೇ ಕೇಳಿದ್ದೆ, ಹೂಂ ಅಂದಿದ್ದರು. ಆ ಬಾಗಿಲ ಹಿಂದೆ ಸತ್ತು ಬಿದ್ದಿದ್ದ ಗೋಡೆಯಲ್ಲಿ ಈಗ ಒಂದು ಅಡಿ ಆಳದ ಶೆಲ್ಫ್ ನಿಂತಿದೆ, ದಿನಾ ಬೇಕಾಗೋ ಪಾತ್ರೆ ಡಬ್ಬ ಎಲ್ಲಾ ಕೈಗೆ ಸಿಗುತ್ತವೆ.

ಅಡುಗೆಮನೆ ವಿಷಯದಲ್ಲಿ ನನಗೆ ಸುಮಾರು ನೂರು ವರ್ಷ ಹಿಂದಿನ ಒಬ್ಬರು ಇಷ್ಟ. ಮಾರ್ಗರೆಟೆ ಶುಟ್ಟೆ-ಲಿಹೊಟ್ಸ್ಕಿ ಅಂತ, ಆಸ್ಟ್ರಿಯಾದ ಆರ್ಕಿಟೆಕ್ಟ್. 1926ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಸಾಮಾನ್ಯ ಜನರಿಗೆ ಕಟ್ಟುತ್ತಿದ್ದ ಮನೆಗಳಿಗೆ ಒಂದು ಅಡುಗೆಮನೆ ಮಾಡಿಕೊಟ್ಟರು. ಅಗಲ 1.9 ಮೀಟರ್, ಉದ್ದ 3.4 ಮೀಟರ್ ಅಷ್ಟೇ. ರೈಲಿನ ಊಟದ ಬೋಗಿಯ ಅಡುಗೆಮನೆ ನೋಡಿ ಕಲಿತು, ಎಲ್ಲಿಂದ ಎಲ್ಲಿಗೆ ಎಷ್ಟು ಹೆಜ್ಜೆ ಅಂತ ಲೆಕ್ಕ ಹಾಕಿ ಮಾಡಿದ್ದು. ಹಾಲ್ ಕಡೆಗಿನ ಬಾಗಿಲನ್ನು ಆಕೆ ಜಾರೋ ಬಾಗಿಲು ಮಾಡಿದ್ದರು, ತೆರೆದರೂ ನೆಲ ತಿನ್ನಲ್ಲ. ಆ ಅಡುಗೆಮನೆಯ ಮೇಲೆ ಆಮೇಲೆ ಬಂದ ದೂರೂ ನನಗೆ ಚೆನ್ನಾಗಿ ಅರ್ಥವಾಗುತ್ತದೆ: ಅದರಲ್ಲಿ ಒಬ್ಬರೇ ಕೆಲಸ ಮಾಡಬಹುದು, ಇಬ್ಬರು ನಿಂತರೆ ಕಷ್ಟ. ನಮ್ಮದೂ ಅಷ್ಟೇ. ಅದಕ್ಕೇ ಹೆಚ್ಚೋದು, ಬಿಡಿಸೋದು ಎಲ್ಲಾ ಹಾಲ್‌ನ ಟೇಬಲ್ಲಿಗೆ ಬಂತು. ಅತ್ತೆ ಅಲ್ಲಿ ಕೂತು ಮಾಡುತ್ತಾರೆ, ನಾನು ಒಳಗೆ ನಿಂತು ಮಾಡುತ್ತೇನೆ, ಬಾಗಿಲಿಲ್ಲವಾದ್ದರಿಂದ ಮಾತೂ ನಡೆಯುತ್ತದೆ.

ಪುಟ್ಟ ಮನೆ ಚಂದ ಅಂತ ಬರೆಯೋರು ಲೆ ಕಾರ್ಬ್ಯುಸಿಯೆ ಹೆಸರು ತರದೇ ಇರಲ್ಲ. ಅಷ್ಟು ದೊಡ್ಡ ಆರ್ಕಿಟೆಕ್ಟ್ ಫ್ರಾನ್ಸಿನ ಸಮುದ್ರ ದಡದಲ್ಲಿ ತನಗಾಗಿ 1950ರ ದಶಕದ ಶುರುವಿನಲ್ಲಿ ಕಟ್ಟಿಸಿಕೊಂಡ ಗುಡಿಸಲು ಒಳಗೆ 3.66 ಮೀಟರ್ ಚೌಕ, ಅಂದರೆ 12 ಅಡಿಗೆ 12 ಅಡಿ. ಅದರಲ್ಲಿ ಅಡುಗೆಮನೆಯೇ ಇಲ್ಲ! ಊಟಕ್ಕೆ ಪಕ್ಕದಲ್ಲೇ ಅಂಟಿಕೊಂಡಿದ್ದ ಹೋಟೆಲಿಗೆ ಹೋಗುತ್ತಿದ್ದರಂತೆ. ಹಾಗಾದರೆ ನಾನೂ 144 ಚದರಡಿಯಲ್ಲಿ ಆರಾಮಾಗಿ ಇರುತ್ತೇನೆ.

ಮಡಚೋ ಮಂಚದ ಆಸೆ ಇವರಿಗೆ ತುಂಬಾ ಇತ್ತು, ಗೋಡೆಗೆ ಎತ್ತಿ ನಿಲ್ಲಿಸೋದು, ಮರ್ಫಿ ಬೆಡ್ ಅಂತಾರಲ್ಲ ಅದು. ನಾನು ಬೇಡ ಅಂದೆ. ಅದನ್ನು ಗೋಡೆಗೆ ಭದ್ರವಾಗಿ ಬಿಗಿಯಬೇಕು, ನಮ್ಮದು ಬಾಡಿಗೆ ಮನೆ. ಅದಕ್ಕಿಂತ ಜಾಸ್ತಿ, ದಿನಾ ಬೆಳಿಗ್ಗೆ ಹಾಸಿಗೆ ಸರಿ ಮಾಡಿ ಎತ್ತೋರು ಯಾರು? ಮಡಚೋ ಸಾಮಾನಿನ ಬಗ್ಗೆ ನನ್ನ ಅನುಭವ ಇಷ್ಟೇ, ಟೇಬಲ್ ಮಡಚಬೇಕಾದರೆ ಅದರ ಮೇಲಿರೋದನ್ನೆಲ್ಲ ಮೊದಲು ಎಲ್ಲಾದರೂ ಇಡಬೇಕು, ಆ "ಎಲ್ಲಾದರೂ" ಇದ್ದಿದ್ದರೆ ಮಡಚೋ ಟೇಬಲ್ ಯಾಕೆ ಬೇಕಿತ್ತು. ಅದರ ಬದಲು ಇದ್ದ ಮಂಚವನ್ನೇ ಮರದ ತುಂಡು ಕೊಟ್ಟು ಎತ್ತರಿಸಿದೆವು. 5 ಅಡಿಗೆ ಆರೂವರೆ ಅಡಿ ಮಂಚದ ಕೆಳಗೆ ಒಂದಡಿ ಸಿಕ್ಕರೂ 32 ಘನ ಅಡಿ ಆಯಿತು, ಒಂದು ಸಣ್ಣ ಬೀರುವಿನಷ್ಟು. ಅತ್ತೆಗೆ ಎತ್ತರ ಕಷ್ಟ, ಅವರದ್ದು ಹಾಲ್‌ನಲ್ಲಿ ಬೇರೆ ತಗ್ಗಿನ ದಿವಾನ.

ಬೀರುವನ್ನು ಹೊರಗೋಡೆ ಕಡೆ ನಿಲ್ಲಿಸುವಾಗ ಇವರು ಗೋಡೆಗೆ ಒತ್ತಿಬಿಟ್ಟರು, ಒಂದಿಂಚೂ ಬಿಡಬಾರದು ಅಂತ. ನಾನು ಮತ್ತೆ ಎಳೆಸಿ ಎರಡು ಮೂರು ಇಂಚು ಸಂದು ಬಿಡಿಸಿದೆ. ತಣ್ಣಗಿರೋ ಹೊರಗೋಡೆಗೆ ಗಾಳಿಯಾಡದ ಹಾಗೆ ಸಾಮಾನು ಒತ್ತಿದರೆ ಒಳಗಿನ ಗಾಳಿಯ ತೇವ ಅಲ್ಲೇ ಕೂತು ಬೂಷ್ಟು ಹಿಡಿಯುತ್ತದೆ. ಸಣ್ಣ ಮನೆಯಲ್ಲಿ ಅದು ಇನ್ನೂ ಜಾಸ್ತಿ, ಅಡುಗೆ, ಸ್ನಾನ, ಬಟ್ಟೆ ಒಣಗಿಸೋದು, ನಾಲ್ಕು ಜನರ ಉಸಿರು, ಎಲ್ಲಾ ಅಷ್ಟೇ ಗಾಳಿಗೆ ತಾನೇ. ಕನ್ನಡಿಯನ್ನು ಕಿಟಕಿ ಎದುರಿಗೆ ಹಾಕಿದೆವು. ಬೆಳಕು ಹೆಚ್ಚಾಗಿದೆ. ರಾಶಿ ಬಿದ್ದ ಬಟ್ಟೆಯೂ ಎರಡು ರಾಶಿ ಕಾಣುತ್ತದೆ.

ಅತ್ತೆ ಬಂದು ನೋಡಿ "ಏನಮ್ಮ, ಮನೆ ದೊಡ್ಡದಾಗಿದೆ" ಅನ್ನಲಿಲ್ಲ. ಹೊಲಿಗೆ ಮಷಿನ್ ಕಿಟಕಿ ಹತ್ತಿರ ಇಡಬೇಕಿತ್ತು ಅಂದರು. ಸರಿ, ಇಟ್ಟೆವು. ಮಗಳ ಟೇಬಲ್ ಒಂದಡಿ ಸರಿಯಿತು. ಸದ್ದಿಗೆ ಮಾತ್ರ ನಮ್ಮ ಹತ್ತಿರ ಉಪಾಯವಿಲ್ಲ, ಪರದೆ ಹಾಕಿದರೆ ಕಣ್ಣಿಗೆ ಮರೆ, ಕಿವಿಗಲ್ಲ. ಇವರ ಆಫೀಸ್ ಕಾಲ್ ಇರುವಾಗ ಮಷಿನ್ ನಿಲ್ಲುತ್ತದೆ, ಅತ್ತೆಯ ಟಿವಿ ಹೊತ್ತಿನಲ್ಲಿ ಮಗಳು ಹಾಲ್ ಬಿಟ್ಟು ರೂಮಿನೊಳಗೆ ಓದುತ್ತಾಳೆ. ಜಗಳ ಆಗಲ್ಲ ಅಂತಲ್ಲ, ಆಗುತ್ತದೆ.

ಇನ್ನು ಬಚ್ಚಲ ಬಾಗಿಲೊಂದು ಉಳಿದಿದೆ. ಅದು ಒಳಕ್ಕೆ ತೆರೆಯುತ್ತದೆ, ಒಳಗೆ ವಯಸ್ಸಾದವರು ಬಿದ್ದರೆ ಬಾಗಿಲಿಗೇ ಅಡ್ಡವಾಗಿ ಬೀಳುತ್ತಾರೆ, ಹೊರಗಿನಿಂದ ತಳ್ಳೋಕೂ ಆಗಲ್ಲ. ಹೊರಕ್ಕೆ ತಿರುಗಿಸಿದರೆ ಫ್ರಿಜ್ಜಿಗೆ ಬಡಿಯುತ್ತದೆ. ಮಡಚಿಕೊಳ್ಳೋ ಬಾಗಿಲು ಹಾಕಿಸಲಾ ಅಂತ ಮಾಲೀಕರನ್ನು ಕೇಳಿದ್ದೇವೆ, ನೋಡೋಣ ಅಂದಿದ್ದಾರೆ. ಮಡಚೋದು ಅಂದರೆ ಬೈಯುತ್ತಿದ್ದವಳು ನೀನೇ ಅಲ್ವಾ ಅಂತ ಇವರು ಕಾಲೆಳೀತಿದ್ದಾರೆ. ಮಾಲೀಕರು ಬೇಡ ಅಂದರೆ ಫ್ರಿಜ್ಜಿನ ಪೇಪರ್ ಕತ್ತರಿಸಬೇಕು.