ಕಾಣಲಾರದಾವಂಗ ನಾ ಎಲ್ಲಿ ಕಾಣ್ತೀನ್ರಿ

ಬುಧವಾರ ಬೆಳಿಗ್ಗೆ ಒಂಬತ್ತೂಕಾಲು ಗಂಟೆ. ಕುಮಟೆಯಿಂದ ಅಂಕೋಲೆ ಕಡೆ ಹೊರಟಿದ್ದೆ. ಮಾದನಗೇರಿ ಇನ್ನೂ ಸ್ವಲ್ಪ ದೂರ ಇದೆ ಅನ್ನುವಾಗ ಹೈವೇಯ ನಮ್ಮ ಬದಿ ಬಂದ್ ಆಗಿತ್ತು. ಮಳೆಗೆ ಎದ್ದುಹೋದ ಡಾಂಬರು ತೆಗೆದು ಹೊಸದು ಹಾಕುತ್ತಿದ್ದರು. ಎರಡೂ ಕಡೆಯ ವಾಹನ ಆಚೆ ಬದಿಯಲ್ಲೇ ಹೋಗಬೇಕು. ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನನ್ನ ಸ್ಕೂಟರ್. ಅದರ ಮುಂದೆ ನಾಲ್ಕು ಕೋನು, ಎರಡು ಮರಳು ಚೀಲ, ಚೀಲದ ಮೇಲೆ ಒಂದು ಹಸಿ ಟೊಂಗೆ. ಟೊಂಗೆಯ ಪಕ್ಕ ಕೆಂಪು ಬಾವುಟ ಹಿಡಿದ ಹೆಂಗಸು.

ಕೊಪ್ಪಳದ ಕಡೆಯವಳಂತೆ. ಮೂವತ್ತು ದಾಟಿರಲಿಕ್ಕಿಲ್ಲ. ಸೀರೆಯ ಮೇಲೆ ಗಂಡಸರ ಅಳತೆಯ ಕಿತ್ತಳೆ ಜಾಕೆಟ್. ಹೊಳೆಯುವ ಪಟ್ಟಿ ತೊಳೆದು ತೊಳೆದು ಬೂದಿ ಬಣ್ಣಕ್ಕೆ ತಿರುಗಿತ್ತು. ನಿಂತು ಬೇಸರವಾಗಿ ನಾನೇ ಮಾತಿಗೆಳೆದೆ.

"ಹೆದರಿಕೆ ಆಗೂದಿಲ್ವಾ ನಿಮಗೆ, ಹೀಗೆ ನಡುರಸ್ತೆಯಲ್ಲಿ?"

"ಬಾವುಟ ಕಂಡಾವ ನಿಂದರ್ತಾನ್ರಿ ಅಕ್ಕಾರ. ಕಾಣಲಾರದಾವಂಗ ನಾ ಎಲ್ಲಿ ಕಾಣ್ತೀನ್ರಿ?"

ಇಷ್ಟು ಹೇಳಿ ಆಕೆ ನಮ್ಮ ಕಡೆ ಬೆನ್ನು ಮಾಡಿದಳು. ತಪ್ಪಲ್ಲ ಅದು. ಆಚೆ ತುದಿಯಲ್ಲಿ ಇನ್ನೊಬ್ಬ ಬಾವುಟದವನಿದ್ದ. ಅವನು ಹಸಿರು ತೋರಿಸಿದನೋ ಇಲ್ಲವೋ ನೋಡದೆ ಆಕೆ ನಮ್ಮನ್ನು ಬಿಡುವ ಹಾಗಿಲ್ಲ. ಆ ಒಂದು ಗಳಿಗೆಯಲ್ಲೇ ನಮ್ಮ ಹಿಂದಿನಿಂದ ಮೀನಿನ ಲಾರಿ ಬಂತು. ನಿಂತಿದ್ದ ಸಾಲನ್ನು ನೋಡಿ ಬಲಕ್ಕೆ ಎಳೆದ. ನನ್ನ ಕನ್ನಡಿಗೆ ಗಾಳಿ ಬಡಿಯಿತು. ಕೋನು ಹಾರಿದವು. ಆಕೆ ಬಾವುಟ ಬಿಟ್ಟು ಡಿವೈಡರಿನ ಕಡೆ ಜಿಗಿದಳು. ಲಾರಿ ರೋಲರಿನಿಂದ ಹತ್ತು ಹೆಜ್ಜೆ ಈಚೆ ನಿಂತಿತು. ಡಾಂಬರಿನ ಹತ್ತಿರ ಬಗ್ಗಿ ಕೆಲಸ ಮಾಡುತ್ತಿದ್ದ ಐದಾರು ಜನ ಅದು ನಿಂತ ಮೇಲೆ ತಲೆ ಎತ್ತಿದರು.

ಆಮೇಲೆ ನಡೆದದ್ದು ನನ್ನ ಕಣ್ಣಿನಿಂದ ಹೋಗುತ್ತಿಲ್ಲ. ಆಕೆ ಎದ್ದಳು. ಲಾರಿಯ ಹಿಂದಿನ ಗಾಲಿಯ ಹತ್ತಿರ ಬಿದ್ದಿದ್ದ ಬಾವುಟ ಎತ್ತಿಕೊಂಡಳು. ಎರಡು ಸಲ ಝಾಡಿಸಿದಳು. ಟೊಂಗೆಯ ಪಕ್ಕ, ಅದೇ ಜಾಗಕ್ಕೆ ಬಂದು ನಿಂತಳು.

ಲಾರಿಯವನನ್ನು ಎಲ್ಲರೂ ಬೈದರು. ನನಗೆ ಬೈಯಲಾಗಲಿಲ್ಲ. ಇಳಿದು ಬಂದು ಅವನು ಆಕೆಗೆ ಕೈ ಮುಗಿದ. ಆ ಕೈ ನಡುಗುತ್ತಿತ್ತು. ರಾತ್ರಿಯಿಡೀ ಓಡಿಸಿಕೊಂಡು ಗೋವಾಕ್ಕೆ ಹೊರಟವನು. ಗಂಟೆಗೆ 60 ಕಿಲೋಮೀಟರ್ ಓಡುವ ಗಾಡಿ ಒಂದೇ ಸೆಕೆಂಡಿನಲ್ಲಿ ಹೆಚ್ಚುಕಡಿಮೆ 17 ಮೀಟರ್ ದಾಟುತ್ತದೆ. ತೂಕಡಿಸುವವನಿಗೆ ನಾಲ್ಕು ಕೋನು ಯಾವ ಲೆಕ್ಕ? ಸೂಪರ್‌ವೈಸರ್ ಓಡಿ ಬಂದು, "ಬೋರ್ಡ್ ಹಾಕಿದ್ದೇವಲ್ಲ ಮೇಡಂ" ಅಂದ. ಹೌದು, ಹಾಕಿದ್ದರು. ಅದು ಕೋನಿಗೆ ತಾಗಿಕೊಂಡೇ ಇತ್ತು. ಅಲ್ಲಿ ಓದಿ ಏನು ಮಾಡುವುದು? ಹುಡುಗನಿಗೆ ಇಪ್ಪತ್ತೈದು ಇರಬಹುದು, ಅವನ ಮುಖವೂ ಬೆಳ್ಳಗಾಗಿತ್ತು. ಕೋನು ಕೊಳ್ಳುವ ದುಡ್ಡು ಅವನ ಕೈಯಲ್ಲಿಲ್ಲ ಅನ್ನುವುದು ನನಗೂ ಗೊತ್ತು. ದುಡ್ಡಿರುವವರ ಮೇಲೆ ನನಗೆ ಸಿಟ್ಟಿದೆ. ಅವರು ಅಲ್ಲಿರಲಿಲ್ಲ.

ರಾತ್ರಿ ಅಣ್ಣನ ಮಗನಿಗೆ ಫೋನ್ ಮಾಡಿದೆ. ಅವನು ಅಮೆರಿಕದ ಟೆಕ್ಸಾಸಿನಲ್ಲಿ ರಸ್ತೆ ಸಂಚಾರದ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. "ಅತ್ತೆ, ನೀನು ಸರಿ ಇದ್ದೀಯಲ್ವಾ?" ಅಂತಲೇ ಮೂರು ಸಲ ಕೇಳಿದ. ಆಮೇಲೆ ಅಲ್ಲಿ ಏನು ಮಾಡುತ್ತಾರೆ ಅಂತ ಹೇಳತೊಡಗಿದ. ಒಂದು ಗಂಟೆ ಮಾತಾಡಿದೆವು.

ಅಲ್ಲಿ ಐ-35 ಹೆದ್ದಾರಿಯಲ್ಲಿ ಕೆಲಸ ನಡೆಯುವಾಗ ಕಿಲೋಮೀಟರುಗಟ್ಟಲೆ ಹಿಂದಿನಿಂದಲೇ ರಸ್ತೆ ಬದಿಗೆ ಸೆನ್ಸರ್ ಇಟ್ಟಿದ್ದರಂತೆ. ವಾಹನಗಳ ವೇಗ ಎಲ್ಲಿ ಕುಸಿಯುತ್ತಿದೆ ಅಂತ ಅವು ನೋಡುತ್ತಿರುತ್ತವೆ. ಸಾಲು ಬೆಳೆದ ಹಾಗೆ, ಹಿಂದೆ ಇರುವ ಬೋರ್ಡಿನಲ್ಲಿ 'ಮುಂದೆ ವಾಹನ ನಿಂತಿವೆ' ಅಂತ ತಾನಾಗಿಯೇ ಬರುತ್ತದೆ. ಅದರ ಜೊತೆಗೆ ರಸ್ತೆಗೆ ಅಡ್ಡ ಹಾಸುವ ಪಟ್ಟಿಗಳು. ಗಾಲಿ ಹತ್ತಿದರೆ ಗಡಗಡ ಸದ್ದು, ತೂಕಡಿಸುವವನಿಗೂ ಎಚ್ಚರ. ಇಷ್ಟೆಲ್ಲ ಇದ್ದೂ ಆ ದೇಶದಲ್ಲಿ 2021ರಲ್ಲಿ ರಸ್ತೆ ಕೆಲಸದ ಜಾಗಗಳಲ್ಲಿ 956 ಜನ ಸತ್ತರು ಅಂದ. ಅವರಲ್ಲಿ ಬಹಳಷ್ಟು ಜನ ಗಾಡಿಗಳಲ್ಲಿದ್ದವರೇ.

"ಅದೆಲ್ಲ ಗಾಡಿಯವನಿಗೆ ಹೇಳುವುದಾಯ್ತು. ಬೆನ್ನು ಹಾಕಿ ನಿಂತವಳಿಗೆ ಹೇಳುವವರು ಯಾರು?" ಅಂತ ಕೇಳಿದೆ.

ಅದಕ್ಕೂ ಇದೆಯಂತೆ. ಕೋನುಗಳ ಸಾಲಿನಲ್ಲಿ ಗಾಳಿ ತುಂಬಿದ ರಬ್ಬರ್ ಕೊಳವೆ ಹಾಸಿರುತ್ತಾರೆ. ದಾರಿ ತಪ್ಪಿದ ಗಾಲಿ ಅದರ ಮೇಲೆ ಹತ್ತಿತು ಅಂದರೆ ಗಾಳಿ ಒತ್ತಿ ಸ್ವಿಚ್ ಬೀಳುತ್ತದೆ. ಸೈರನ್ ಕೂಗುತ್ತದೆ. ಕೆಲಸದವರ ಮೈಮೇಲಿನ ಸಣ್ಣ ಪೆಟ್ಟಿಗೆ ನಡುಗುತ್ತದೆ. ಕೋನಿನೊಳಗೇ ಕೂರಿಸುವ ಸೆನ್ಸರೂ ಇದೆ. ಕೋನು ಉರುಳಿದರೆ ಅಲಾರಾಂ. ಗಾಡಿಯ ವೇಗ, ದಿಕ್ಕು ಅಳೆದು ಇವನು ನಿಲ್ಲುವವನಲ್ಲ ಅಂತ ಮೊದಲೇ ಗುರುತಿಸುವ ರಾಡಾರ್ ಕೂಡ ಇದೆ. ಸುಮ್ಸುಮ್ನೆ ಕೂಗುವುದೂ ಉಂಟಂತೆ. ಜಾಸ್ತಿ ಕೂಗಿದರೆ ಕೆಲಸದವರೇ ಬೇಸತ್ತು ಆಫ್ ಮಾಡಿಬಿಡುತ್ತಾರೆ. ಕೊಳವೆ 50 ಮೀಟರ್ ಹಿಂದೆ ಇದ್ದರೂ ಸಿಗುವುದು ಮೂರು ಸೆಕೆಂಡ್. ನಾನು ಫೋನ್ ಹಿಡಿದುಕೊಂಡೇ ಒಂದು, ಎರಡು, ಮೂರು ಎಣಿಸಿದೆ. ತಿರುಗಿ ನೋಡಿ ಜಿಗಿಯಬಹುದು. ಬುಧವಾರ ಆಕೆಗೆ ಅಷ್ಟೂ ಸಿಕ್ಕಿರಲಿಲ್ಲ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇನ್ನೊಂದು. ರಸ್ತೆ ಬದಿಗೆ ಗಾಲಿ ಇರುವ ಒಂದು ಕಂಬ. ಅದಕ್ಕೆ ಕೆಂಪು, ಹಳದಿ ದೀಪ, ರೈಲ್ವೆ ಗೇಟಿನ ಹಾಗೆ ಏಳುವ ಬೀಳುವ ತೋಳು. ನಡೆಸುವವರು ದೂರದಲ್ಲಿ, ತಡೆಬೇಲಿಯ ಆಚೆ, ರಿಮೋಟ್ ಹಿಡಿದು ನಿಂತಿರುತ್ತಾರೆ. ಲಾರಿ ಬಂದು ಗುದ್ದಿದರೆ ಕಂಬ ಮುರಿಯುತ್ತದೆ, ಅಷ್ಟೇ ಅಲ್ವಾ?

ನಮ್ಮಲ್ಲಿ ನಿಯಮ ಇಲ್ಲ ಅಂತಲ್ಲ. ರಸ್ತೆ ಕೆಲಸದ ಮಾನದಂಡ ಬರೆಯುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಎಸ್‌ಪಿ 55 ಕೈಪಿಡಿ ಇದಕ್ಕಾಗಿಯೇ ಇದೆ. 2014ರಲ್ಲಿ ಪರಿಷ್ಕರಿಸಿದ್ದಾರೆ. ದೂರದಿಂದಲೇ ಎಚ್ಚರಿಕೆಯ ಬೋರ್ಡು, ಆಮೇಲೆ ಓರೆಯಾಗಿ ಸಾಗುವ ಕೋನುಗಳ ಸಾಲು, ಆಮೇಲೆ ಖಾಲಿ ಬಿಟ್ಟ ಜಾಗ, ಅದಾದ ಮೇಲೆ ಕೆಲಸ. ಆ ಖಾಲಿ ಜಾಗ ತಪ್ಪಿ ಬಂದ ಗಾಡಿಗೆ ನಿಲ್ಲಲು ಮೀಸಲು. ಬುಧವಾರ ಲಾರಿಗೆ ಸಿಕ್ಕಿದ ಆ ಹತ್ತು ಹೆಜ್ಜೆ ಯಾರೂ ಬಿಟ್ಟದ್ದಲ್ಲ, ಉಳಿದದ್ದು.

ಮಾತಿನ ಕೊನೆಗೆ ಅವನು ಅಮೆರಿಕದ ಬಾಲ್ಟಿಮೋರಿನ ವಿಷಯ ಎತ್ತಿದ. 2024ರ ಮಾರ್ಚ್ 26ರಂದು, ರಾತ್ರಿ ಒಂದೂವರೆ ಸುಮಾರಿಗೆ, ಅಲ್ಲಿನ ಸೇತುವೆಗೆ ಹಡಗು ಬಡಿಯಿತು. ಹಡಗಿನವರು ಮೊದಲೇ ಅಪಾಯದ ಕರೆ ಕೊಟ್ಟರು. ಪೊಲೀಸರು ಎರಡೂ ತುದಿಯಲ್ಲಿ ವಾಹನ ತಡೆದರು. ಎಷ್ಟೋ ಜೀವ ಉಳಿಯಿತು. ಸೇತುವೆಯ ಮೇಲೆ ಗುಂಡಿ ಮುಚ್ಚುತ್ತಿದ್ದ ಆರು ಜನ ಮಾತ್ರ ನೀರುಪಾಲಾದರು. ಮೆಕ್ಸಿಕೊ, ಗ್ವಾಟೆಮಾಲಾ, ಹೊಂಡುರಾಸ್, ಎಲ್ ಸಾಲ್ವಡಾರ್ ಕಡೆಯಿಂದ ದುಡಿಯಲು ಬಂದವರು. ಬರುವ ಗಾಡಿಗೆ ಸುದ್ದಿ ಮುಟ್ಟಿತು, ಮೇಲಿದ್ದವರಿಗೆ ಮುಟ್ಟುವ ಮೊದಲೇ ಸೇತುವೆ ಬಿತ್ತು.

ಇದನ್ನು ಕೇಳಿ ನಿದ್ದೆ ಬರಲಿಲ್ಲ. ಅದೇ ವರ್ಷ ಆಗಸ್ಟ್ 7ರಂದು, ಅಲ್ಲಿಯ ಹಾಗೆಯೇ ರಾತ್ರಿ ಒಂದರ ಸುಮಾರಿಗೆ, ನಮ್ಮ ಕಾರವಾರದ ಕಾಳಿ ನದಿಯ ಹಳೇ ಸೇತುವೆ ಬಿದ್ದದ್ದು. ಲಾರಿ ಸಮೇತ ನೀರಿಗೆ ಬಿದ್ದ ಚಾಲಕ ಬದುಕಿ ಬಂದ. ಅದಕ್ಕೂ ಮೂರು ವಾರ ಮೊದಲು ಶಿರೂರಿನಲ್ಲಿ ಹೈವೇ ಮೇಲೆ ಗುಡ್ಡ ಕುಸಿದದ್ದು. ಕಡಿದ ಗುಡ್ಡ, ಕೆಳಗೆ ಚಹಾದಂಗಡಿ, ನಿಂತ ಲಾರಿಗಳು. ಅವರಿಗೆ ಒಂದು ಸೈರನ್ ಕೂಗಿದ್ದಿದ್ದರೆ ಅಂತ ಇವತ್ತಿಗೂ ಆ ದಾರಿಯಲ್ಲಿ ಹೋಗುವಾಗ ಅನ್ನಿಸುತ್ತದೆ. ಸೈರನ್ ನಮಗೆ ಹೊಸದಲ್ಲ. 2023ರ ಅಕ್ಟೋಬರಿನಲ್ಲಿ ಪರೀಕ್ಷೆಗೆ ಅಂತ ಎಲ್ಲರ ಮೊಬೈಲೂ ಒಟ್ಟಿಗೆ ಕಿರುಚಿದ್ದು ನೆನಪಿದೆಯಲ್ವಾ? ಮೀನುಗಾರರ ಬೋಟಿಗೆ ಇಸ್ರೋ ತಯಾರಿಸಿದ ಟ್ರಾನ್ಸ್‌ಪಾಂಡರ್, ಅಂದರೆ ಉಪಗ್ರಹದ ಮೂಲಕ ಸಂದೇಶ ಮುಟ್ಟಿಸುವ ಪೆಟ್ಟಿಗೆ, ಬರುತ್ತಿದೆ, ನಡುಸಮುದ್ರದಲ್ಲಿ ಇರುವವನಿಗೇ ಹವಾಮಾನದ ಎಚ್ಚರಿಕೆ ಮುಟ್ಟುತ್ತದೆ. ಕಡಲಿನಲ್ಲಿ ಆಗುವುದು ಮಾದನಗೇರಿಯಲ್ಲಿ ಆಗುವುದಿಲ್ಲ ಅಂದರೆ ನಾನು ಒಪ್ಪುವುದಿಲ್ಲ. ಒಂದು ಕಿಲೋಮೀಟರ್ ಡಾಂಬರಿನ ಖರ್ಚಿನ ಮುಂದೆ ಒಂದು ಕೊಳವೆ, ಒಂದು ಸೈರನ್ ಎಷ್ಟಾದೀತು? ಟೆಂಡರಿನಲ್ಲಿ ಅದಕ್ಕೆ ಬೇರೆ ಸಾಲು ಇರಬೇಕು, ಡಾಂಬರಿನ ಲೆಕ್ಕದೊಳಗೆ ಅದು ಕರಗಬಾರದು.

ಶನಿವಾರ ಮತ್ತೆ ಅದೇ ದಾರಿ. ದೂರದಿಂದ ಬಾವುಟ ಮಾತ್ರ ಕಂಡಿತು, ಆಕೆ ಕಾಣಲಿಲ್ಲ. ನನ್ನ ಎದೆ ಧಸಕ್ ಅಂದಿತು. ಹತ್ತಿರ ಹೋದರೆ, ಉದ್ದದ ಬಿದಿರಿಗೆ ಬಾವುಟ ಕಟ್ಟಿಕೊಂಡು ಕಬ್ಬಿಣದ ತಡೆಬೇಲಿಯ ಆಚೆ ನಿಂತಿದ್ದಾಳೆ. ಬಾವುಟ ಒಂದೇ ರಸ್ತೆಯ ಮೇಲೆ.

"ಯಾರು ಹೇಳಿದ್ರು ಹೀಗೆ ಮಾಡಲಿಕ್ಕೆ?"

"ಯಾರೂ ಇಲ್ರಿ. ಊರಾಗ ಜ್ವಾಳದ ಹೊಲದಾಗ ಹಕ್ಕಿ ಓಡಸಾಕ ನಮ್ಮತ್ತಿ ಹಿಂಗ ಕಟ್ಟತಿದ್ಲು."

ನನಗೆ ಎಷ್ಟು ಖುಷಿಯಾಯಿತು ಅಂದರೆ, ಫೋಟೋ ತೆಗೆದು ಅಲ್ಲಿಂದಲೇ ಟೆಕ್ಸಾಸಿಗೆ ಕಳಿಸಿದೆ. ಇನ್ನು ದಿನವೂ ಹೀಗೇ ನಿಲ್ಲಿ ಅಂದೆ.

ಆಕೆ ಬಿದಿರನ್ನು ಒಂದು ಭುಜದಿಂದ ಇನ್ನೊಂದಕ್ಕೆ ಬದಲಾಯಿಸಿದಳು. "ಹಸಿ ಬಿದಿರ್ರಿ ಅಕ್ಕಾರ, ಭಾಳ ವಜ್ಜಿ ಐತಿ. ಮಧ್ಯಾಹ್ನದ ಮ್ಯಾಲೆ ಕೈ ಸೋಲ್ತಾವು. ಆವಾಗ ಮತ್ತ ಮುಂದ ಹೋಗಿ ನಿಂದರ್ತೀನಿ."