ಅಗಸೆ ಎಣ್ಣೆ ಕುಡಿದರೆ ಶುಗರ್ ಇಳಿಯುತ್ತಾ?

ನನಗೆ ಶುಗರ್ ಇದೆ, ಊರು ಬಾಗಲಕೋಟೆ ಕಡೆ ಅಂತ ಗೊತ್ತಾದ ಕೂಡಲೇ ಜನ ಕೇಳುವುದು ಇದನ್ನೇ. "ಅಗಸೆ ಎಣ್ಣೆ ಒಳ್ಳೇದಂತೆ, ದಿನಾ ಒಂದು ಚಮಚ ಕುಡಿಯಲಾ?"

ಶುಗರ್ ಇಳಿಸೋಕೆ ಅಂತಾದರೆ ಬೇಡ.

ಅಗಸೆ ಬೀಜ ನೆನೆಸಿಟ್ಟರೆ ಲೋಳೆ ಬರುತ್ತದಲ್ವಾ, ಅದು ನಾರು. ಊಟದ ಜೊತೆ ಬೆರೆತು, ಸಕ್ಕರೆ ರಕ್ತಕ್ಕೆ ಸೇರುವುದನ್ನು ನಿಧಾನ ಮಾಡುವುದು ಇದೇ. ಪುಡಿ ತಿಂದವರಿಗೆ ಸ್ವಲ್ಪ ಅನುಕೂಲ ಕಂಡಿದ್ದೂ ಇದೆ. ಆದರೆ ಗಾಣಕ್ಕೆ ಹಾಕಿದರೆ ನಾರೆಲ್ಲ ಹಿಂಡಿಯಲ್ಲೇ ಉಳಿಯುತ್ತದೆ. ಹಿಂಡಿ ಎಮ್ಮೆಗೆ, ಎಣ್ಣೆ ನಮಗೆ. ಶುಗರ್ ಇರುವುದು ಎಮ್ಮೆಗಾ?

ಎಣ್ಣೆ ಕೆಟ್ಟದ್ದಲ್ಲ. ಅದರಲ್ಲಿ ಅರ್ಧದಷ್ಟು ಒಮೆಗಾ-3 ಅನ್ನುವ, ದೇಹಕ್ಕೆ ಬೇಕಾದ ಕೊಬ್ಬು ಇದೆ, ಆದರೆ ಮೀನಿನಲ್ಲಿರುವಂಥದ್ದಲ್ಲ, ನಮ್ಮ ದೇಹ ಅದನ್ನು ಆ ರೂಪಕ್ಕೆ ತಿರುಗಿಸಿಕೊಳ್ಳುವುದು ತೀರಾ ಕಡಿಮೆ. ಒಂದು ದೊಡ್ಡ ಚಮಚಕ್ಕೆ ಸುಮಾರು 120 ಕ್ಯಾಲೊರಿ, ಅಡುಗೆಯ ಎಣ್ಣೆ ಕಡಿಮೆ ಮಾಡದೆ ಸುಮ್ನೆ ಮೇಲಿಂದ ಕುಡಿದರೆ ಏರುವುದು ತೂಕ.

ನಾನೂ ಒಮ್ಮೆ ತಂದಿದ್ದೆ. ಬಾಟಲಿಯನ್ನು ಒಲೆ ಪಕ್ಕದ ಕಿಟಕಿಯಲ್ಲಿಟ್ಟೆ. ಕೆಲವು ವಾರ ಬಿಟ್ಟು ಮುಚ್ಚಳ ತೆಗೆದರೆ ಹೊಸದಾಗಿ ಪೇಂಟ್ ಹೊಡೆದ ಬಾಗಿಲಿನ ವಾಸನೆ! ಆಶ್ಚರ್ಯವೇನಿಲ್ಲ, ಬಣ್ಣಕ್ಕೆ ಕಲಸುವ, ಹುಡುಗರು ಕ್ರಿಕೆಟ್ ಬ್ಯಾಟಿಗೆ ಸವರುವ ಲಿನ್ಸೀಡ್ ಆಯಿಲ್ ಕೂಡ ಅಗಸೆಯದೇ. (ಹಾರ್ಡ್‌ವೇರ್ ಅಂಗಡಿಯದನ್ನು ಮಾತ್ರ ಯಾರೂ ಕುಡಿಯಬೇಡಿ, ಅದಕ್ಕೆ ಬೇರೆ ಏನೇನೋ ಸೇರಿಸಿರುತ್ತಾರೆ.) ಬೆಳಕು, ಗಾಳಿ, ಬಿಸಿ ಯಾವುದೂ ಈ ಎಣ್ಣೆಗೆ ಆಗುವುದಿಲ್ಲ. ಫ್ರಿಜ್‌ನಲ್ಲೇ ಇಡಬೇಕು, ಒಗ್ಗರಣೆಗೆ ಬಳಸಬಾರದು.

ಇನ್ನೊಂದು ಮಾತು. ಎಣ್ಣೆ ಶುರು ಮಾಡಿದೆ ಅಂತ ಶುಗರ್ ಮಾತ್ರೆ ಬಿಡಬೇಡಿ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರು ಎಣ್ಣೆಯಾಗಲಿ ಪುಡಿಯಾಗಲಿ, ದಿನಾ ತಗೊಳ್ಳುವ ಮುಂಚೆ ಡಾಕ್ಟರನ್ನು ಕೇಳಿ.

ಹಾಗಾದರೆ ನಾನೇನು ಮಾಡುತ್ತೇನೆ? ಅಗಸಿ ಹಿಂಡಿ. ಎಮ್ಮೆಯದಲ್ಲ, ನಮ್ಮ ಕಡೆ ಚಟ್ನಿಪುಡಿಗೂ ಹಿಂಡಿ ಅಂತಲೇ ಹೆಸರು. ಸಣ್ಣ ಉರಿಯಲ್ಲಿ ಬೀಜ ಚಟಪಟ ಅನ್ನುವವರೆಗೆ ಹುರಿದು, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಹುಣಸೆ, ಉಪ್ಪು ಹಾಕಿ ತರಿತರಿಯಾಗಿ ಕುಟ್ಟುವುದು. ಇಡೀ ಬೀಜ ನುಂಗಿದರೆ ಹೋದ ಹಾಗೇ ಹೊರಗೆ ಬರುತ್ತದೆ, ಕುಟ್ಟಲೇಬೇಕು. ಎರಡು ಚಮಚ ಹಿಂಡಿ, ಮೇಲೆ ಮೊಸರು, ಜೋಳದ ರೊಟ್ಟಿ, ಆಮೇಲೆ ಚೆನ್ನಾಗಿ ನೀರು. ಚೂರು ಬೆಲ್ಲ ಹಾಕಿ ಕುಟ್ಟುವವರೂ ಇದ್ದಾರೆ, ನಮ್ಮಮ್ಮ ಈಗಲೂ ಕಣ್ಣು ತಪ್ಪಿಸಿ ಹಾಕುತ್ತಾಳೆ.